ದೊಡ್ಡಕೋಳಿ ಬೀಳದೆ ನಿಂತ ಬಗೆ

ಜನವರಿ ೭, ಮಂಗಳವಾರ

ಇವತ್ತು ಬೀಗ ತಂದೆ. ಹಿತ್ತಾಳೆಯದು, ಕೈಯಲ್ಲಿ ಹಿಡಿದರೆ ಒಳ್ಳೇ ಭಾರ. ಅಂಗಡಿಯವನು "ಗೋಡೌನಿಗಾ ಸಾರ್?" ಎಂದು ಕೇಳಿದ. ಮನೆಗೆ ಎಂದೆ. ಯಾಕೆ ಏನು ಅಂತೆಲ್ಲ ಅವನಿಗೆ ವರದಿ ಒಪ್ಪಿಸಬೇಕಾಗಿಲ್ಲ.

ನಿನ್ನೆಯದನ್ನು ಬರೆಯಲು ಕೈಯೇ ಬರುತ್ತಿಲ್ಲ. ನಾನು ಕೆಲಸಕ್ಕೆ ಹೋಗಿದ್ದಾಗ ಇವಳು ಒಬ್ಬಳೇ ಬಾಗಿಲು ತೆಗೆದುಕೊಂಡು ಮೆಟ್ಟಿಲಿಗೆ ಹೋಗಿದ್ದಾಳೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲ ಕಂಬಿ ಮುಟ್ಟಿದರೆ ಅಲ್ಲಾಡುತ್ತದೆ. ಸ್ಟ್ರೋಕ್ ಆಗಿ ಐದು ತಿಂಗಳಾದರೂ ಇವಳ ಎಡಗಾಲು ಇನ್ನೂ ಎಳೆದುಕೊಂಡೇ ಬರುತ್ತದೆ, ಎಡಗೈ ಹೇಳಿದ ಮಾತು ಕೇಳುವುದಿಲ್ಲ. ಒಂದೆರಡು ಮೆಟ್ಟಿಲು ಇಳಿದು ಬಿದ್ದಿದ್ದಾಳೆ. ಕೆಳಗಿನ ಮನೆಯ ಟೈಲರ್ ಸದ್ದು ಕೇಳಿ ಓಡಿಬಂದು ಆಸ್ಪತ್ರೆಗೆ ಕರೆದೊಯ್ದು ನನಗೆ ಫೋನ್ ಮಾಡಿದರು. ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ.

ಬೀಗ ನೋಡಿ ಇವಳು, "ಇದೇನ್ರೀ?" ಎಂದಳು.

"ನಾನು ಹೋಗೋವಾಗ ಹೊರಗಿಂದ ಹಾಕ್ಕೊಂಡು ಹೋಗ್ತೀನಿ. ನಿನ್ನ ಒಳ್ಳೇದಕ್ಕೇ."

"ಓಡೋ ಬಸ್ಸಲ್ಲಿ ಕಂಬಿ ಮುಟ್ಟದೆ ಟಿಕೆಟ್ ಹರಿದೋಳು ನಾನು. ಇಡೀ ಸರ್ವೀಸಲ್ಲಿ ಒಂದ್ಸಲ ಬಿದ್ದಿಲ್ಲ."

"ಆಗ ಬಿದ್ದಿಲ್ಲ. ಈಗ ಬಿದ್ದಿದ್ದೀಯಲ್ಲ!"

ಆ ಮಾತು ಆಡಬಾರದಿತ್ತೇನೋ. ಮುಖ ಆ ಕಡೆ ತಿರುಗಿಸಿಕೊಂಡು ಮಲಗಿದಳು. ಇರಲಿ. ಮುನಿಸಿಕೊಂಡರೂ ಪರವಾಗಿಲ್ಲ, ಮೂಳೆ ಮುರಿದುಕೊಳ್ಳುವುದು ಬೇಡ.

ಜನವರಿ ೯, ಗುರುವಾರ

ಮನೆಯಲ್ಲಿ ಒಂದು ತಲೆನೋವು, ಮ್ಯೂಸಿಯಮ್ಮಿನಲ್ಲಿ ಇನ್ನೊಂದು. ಒಂದು ತಿಂಗಳಿಂದ ನಾನು ಮೈ ಮುರಿದು ಮಾಡಿದ ಪ್ರಾಣಿಯನ್ನು ಮೇಡಂ ಇವತ್ತು ಒಂದೇ ಮಾತಿನಲ್ಲಿ ಹೊಡೆದುಹಾಕಿದರು.

ಪ್ರಾಣಿ ಎಂದರೆ ಕೋಟ್ಯಂತರ ವರ್ಷಗಳ ಹಿಂದಿನ ಡೈನೋಸಾರಿನ ಮಾದರಿ. ಮನುಷ್ಯನಿಗಿಂತ ಉದ್ದ, ಮೈತುಂಬ ಗರಿ, ಎರಡೂ ಕಾಲಿನಲ್ಲಿ ಕುಡುಗೋಲಿನಂಥ ಒಂದೊಂದು ಉಗುರು. ನಮ್ಮ ವೆಲ್ಡರ್ ಅದಕ್ಕೆ ದೊಡ್ಡಕೋಳಿ ಎಂದು ಹೆಸರಿಟ್ಟಿದ್ದಾನೆ. ಫೆಬ್ರವರಿ ಹದಿನಾರಕ್ಕೆ ಹೊಸ ಹಾಲ್ ತೆರೆಯಬೇಕು, ಬಾಗಿಲ ಎದುರಿಗೇ ಇದು ನಿಲ್ಲಬೇಕು. ನಾನು ಅದನ್ನು ಗಾಳಿಗೆ ನೆಗೆದು ಒದೆಯುವ ಹಾಗೆ ಮಾಡಿದ್ದೆ, ರೆಕ್ಕೆಗಳನ್ನು ಮೈಗೆ ಒತ್ತಿ ಮಡಿಸಿದ್ದೆ.

ಹಳೇ ಪ್ರಾಣಿಗಳ ಮೂಳೆಶಾಸ್ತ್ರ ಓದಿದ ಮೇಡಂ ಕನ್ನಡಕ ತಲೆಗೇರಿಸಿ ಒಂದು ಸುತ್ತು ಬಂದರು. "ಇದು ಒದೆಯೋ ಪ್ರಾಣಿ ಅಲ್ಲ, ಹಿಡಿಯೋ ಪ್ರಾಣಿ" ಎಂದರು. "ಗಿಡುಗ ನೋಡಿದ್ದೀರಾ? ಬೇಟೆ ಕಾಲೊಳಗೆ ಹಿಡಿಸದಷ್ಟು ದೊಡ್ಡದಿದ್ರೆ ಅದರ ಮೇಲೇ ನಿಂತ್ಕೊಳ್ಳುತ್ತೆ. ಉಗುರು ಊರಿ, ಮೈಭಾರ ಹಾಕಿ, ಏಳೋಕೆ ಬಿಡಲ್ಲ. ಕೆಳಗಿನದು ಒದ್ದಾಡುತ್ತೆ. ಆಗ ಮೇಲಿನದು ಬೀಳಬಾರದಲ್ಲ, ಅದಕ್ಕೆ ರೆಕ್ಕೆ ಬಡೀತಾ ಇರುತ್ತೆ. ಇದೂ ಹಾಗೇ ಮಾಡಿರಬೇಕು."

"ರೆಕ್ಕೆ ಇರೋದು ಹಾರೋದಕ್ಕಲ್ವಾ ಮೇಡಂ?"

"ಇದೆಲ್ಲಿ ಹಾರುತ್ತೆ, ಇಷ್ಟು ಭಾರ! ಬೀಳದೆ ಇರೋಕೆ ಬಡಿದದ್ದು. ಹಾಗೆ ಬಡಿದೂ ಬಡಿದೂ ಮುಂದೆ ಯಾವುದೋ ಚಿಕ್ಕ ಜಾತಿಗೆ ಹಾರಾಟ ಒಲಿದಿರಬಹುದು ಅಂತ ಒಂದು ವಾದ. ಎಲ್ಲರೂ ಒಪ್ಪಿಲ್ಲ. ನನಗೆ ಹಿಡಿಸಿದೆ."

ಅವರಿಗೆ ಹಿಡಿಸಿತು, ನನ್ನ ಪ್ರಾಣ ಹೋಯಿತು! ಈಗ ಕಾಲು ಕತ್ತರಿಸಿ, ರೆಕ್ಕೆ ಬಿಚ್ಚಿ, ಕೆಳಗೆ ಆಡಿನ ಗಾತ್ರದ ಇನ್ನೊಂದು ಪ್ರಾಣಿ ಮಾಡಬೇಕು. ಮಧ್ಯೆ ಮಧ್ಯೆ ಮನೆಗೆ ಫೋನ್ ಮಾಡುತ್ತಲೇ ಇದ್ದೆ. ಇವಳು ಎತ್ತಲಿಲ್ಲ. ಸಂಜೆ ಕೇಳಿದರೆ, "ಎತ್ತಿ ಏನ್ ಹೇಳ್ಲಿ? ಒಳಗಿದ್ದೀನಿ ಅಂತಲಾ?" ಎಂದಳು.

ಜನವರಿ ೧೩, ಸೋಮವಾರ

ಗಿಡುಗ ಸಿಕ್ಕಿತು. ಮ್ಯೂಸಿಯಮ್ಮಿನ ಹಿಂದಿನ ಗೋದಾಮಿನ ಮಾಳಿಗೆಯ ಮೇಲೆ ಪಾರಿವಾಳ ಹಿಡಿದು ನಿಂತಿತ್ತು. ವೆಲ್ಡರ್ ಕೂಗಿ ಕರೆದ. ನಾನು ಕಾಗದ ಪೆನ್ಸಿಲ್ ಹಿಡಿದು ಓಡಿದೆ.

ನಾನಂದುಕೊಂಡದ್ದು ಬೇರೆ. ಹಿಡಿದ ಕೂಡಲೇ ಕೊಲ್ಲುತ್ತದೆ ಎಂದುಕೊಂಡಿದ್ದೆ. ಇಲ್ಲ. ಸುಮ್ಮನೆ ಮೇಲೆ ನಿಂತಿರುತ್ತದೆ. ಪಾರಿವಾಳ ಒದ್ದಾಡಿದಾಗ ಮಾತ್ರ ರೆಕ್ಕೆ ಬಿಚ್ಚಿ ಬಡಿಯುತ್ತದೆ, ಅದು ಸುಮ್ಮನಾದರೆ ಇದೂ ಸುಮ್ಮನಾಗುತ್ತದೆ. ಒಂದು ಕಾಲನ್ನೂ ಸಡಿಲಿಸುವುದಿಲ್ಲ. ನಾಲ್ಕು ದಿಕ್ಕಿಗೂ ಕತ್ತು ತಿರುಗಿಸಿ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಲೇ ಇರುತ್ತದೆ. ಅದಕ್ಕೂ ಭಯವೇ ಅಂತ ಕಾಣುತ್ತದೆ. ಪಾರಿವಾಳದ ಕಣ್ಣು ತೆರೆದೇ ಇತ್ತು. ಪಕ್ಕಕ್ಕೆ, ಮಾಳಿಗೆಯ ಅಂಚಿನ ಕಡೆ ನೋಡುತ್ತಿತ್ತು. ನಾನು ಚಿತ್ರ ಅರ್ಧಕ್ಕೇ ಬಿಟ್ಟು ಇಳಿದೆ.

ಸಂಜೆ ಬೀಗ ತೆಗೆದಾಗ ಇವಳು ಬಾಗಿಲ ಕಡೆಗೇ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಊಟ ಮುಟ್ಟಿರಲಿಲ್ಲ. ಹಸಿವಿಲ್ಲವಂತೆ. ಏನೋ ಚಿಂತೆ ಇರಬೇಕು, ಕೇಳಿದರೆ ಹೇಳುವುದಿಲ್ಲ.

ಜನವರಿ ೧೬, ಗುರುವಾರ

ಇವತ್ತು ಫಿಸಿಯೋ ಹುಡುಗಿ ಬರುವ ದಿನ ಎಂಬುದು ನನ್ನ ತಲೆಯಿಂದ ಹಾರಿಯೇ ಹೋಗಿತ್ತು. ಅವಳು ಬಂದು ಬೀಗ ನೋಡಿ, ಹೋಗದೆ, ಬಾಗಿಲ ಪಕ್ಕದ ಕಿಟಕಿಯ ಹೊರಗೇ ನಿಂತು ವ್ಯಾಯಾಮ ಹೇಳಿಕೊಟ್ಟಿದ್ದಾಳೆ! ಮೆಟ್ಟಿಲಲ್ಲಿ ಹೋಗಿಬರುವವರೆಲ್ಲ ನೋಡಿದ್ದಾರೆ. ಮಾನ ಹರಾಜಾಯಿತು. ಸಾಲದ್ದಕ್ಕೆ ಸಂಜೆ ಮತ್ತೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಸಾರ್, ಒಳಗೆ ಬೆಂಕಿ ಬಿದ್ರೆ ಏನ್ ಮಾಡ್ತಾರೆ ಇವರು?"

"ಗ್ಯಾಸ್ ಆಫ್ ಮಾಡಿಯೇ ಹೋಗ್ತೀನಮ್ಮ."

"ನಡೆಯೋಕೆ ಬಿಡದೆ ನಡಿಗೆ ಬರಲ್ಲ ಸಾರ್. ಈಗ ನೋಡಿ. ನೀವು ದೂರ ನಿಂತ್ಕೊಳ್ಳಿ. ಇನ್ನೂ ದೂರ. ಅಮ್ಮ, ಎರಡೂ ಕೈ ಅಗಲಿಸಿ, ಬನ್ನಿ."

ಇವಳು ಕುರ್ಚಿ ಬಿಟ್ಟು ಹೆಜ್ಜೆ ಇಟ್ಟಳು. ತೂರಾಡಿದಳು. ಬಲಗೈ ಮೇಲೆ ಹೋಯಿತು, ಎಡಗೈ ಒಂದು ಗಳಿಗೆ ತಡವಾಗಿ, ಮೊಣಕೈ ಮಡಿಸಿಕೊಂಡೇ, ಹಿಂದೆ ಹಿಂದೆ ಎದ್ದಿತು. ನಾನು ನುಗ್ಗಿ ಸೊಂಟ ಹಿಡಿದೆ. ಹಿಡಿದದ್ದೇ ತಡ, ಇಬ್ಬರೂ ಮುಗ್ಗರಿಸಿ ಮಂಚದ ಮೇಲೆ ಬಿದ್ದೆವು.

"ಹೋಲ್ಡಾನ್!" ಎಂದು ಇವಳು ಬಸ್ಸು ನಿಲ್ಲಿಸುವ ದನಿಯಲ್ಲಿ ಕೂಗಿದಳು. "ಇಳೀರಿ ಮೇಲಿಂದ! ನಾ ನಿಂತಿದ್ದೆ. ಬೀಳಿಸಿದ್ದು ನೀವು."

ಒಳ್ಳೇದು ಮಾಡಲು ಹೋದವನೇ ಕೆಟ್ಟವನಾದೆ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ಆದರೆ ಆ ಎಡಗೈ ಎದ್ದ ರೀತಿ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ಗಿಡುಗದ ಚಿತ್ರದ ಪಕ್ಕದಲ್ಲಿ ಅದನ್ನೂ ಬರೆದಿಟ್ಟೆ.

ಜನವರಿ ೨೦, ಸೋಮವಾರ

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ? ಮ್ಯೂಸಿಯಂ ಮುಟ್ಟಿದ ಮೇಲೆ ಈ ಹುಳ ತಲೆ ಹೊಕ್ಕಿತು. ಆ ಹುಡುಗಿಯ ಬೆಂಕಿ ಮಾತು ಬೇರೆ. ಅಂಟು ಕಲಸಿದ್ದನ್ನು ಹಾಗೇ ಬಿಟ್ಟು ಮನೆಗೆ ಓಡಿದೆ. ಆತುರದಲ್ಲಿ ಕೀಲಿಯನ್ನು ತಲೆಕೆಳಗಾಗಿ ತುರುಕಿ, ತೆಗೆದು, ಮತ್ತೆ ತುರುಕಿ ಬೀಗ ತೆಗೆದೆ.

ಗ್ಯಾಸ್ ಆಫ್ ಆಗಿಯೇ ಇತ್ತು. ಇವಳು ಕುರ್ಚಿಯಿಂದಲೇ, "ಏನು, ಚೆಕಿಂಗಾ?" ಎಂದಳು. "ಪ್ಯಾಸೆಂಜರ್ ಒಬ್ಬಳೇ. ಟಿಕೆಟ್ ಇದೆ. ಹೋಗಿ."

ಇವಳು ತಮಾಷೆ ಮಾಡಿ ಎಷ್ಟು ದಿನವಾಗಿತ್ತು! ನಗು ಬಂತು. ಆದರೂ ಬೀಗ ಹಾಕಿಕೊಂಡೇ ಹೋದೆ. ಕಲಸಿಟ್ಟ ಅಂಟು ಕಲ್ಲಾಗಿತ್ತು.

ಜನವರಿ ೨೪, ಶುಕ್ರವಾರ

ಮಡಿಸಿದ ರೆಕ್ಕೆಗಳನ್ನು ಕಿತ್ತು ಹೊಸದಾಗಿ ಕೂರಿಸಿದೆ. ಬಲರೆಕ್ಕೆ ಮೇಲೆ, ಎಡರೆಕ್ಕೆ ಸ್ವಲ್ಪ ಕೆಳಗೆ, ಇನ್ನೂ ಏಳುತ್ತಿರುವ ಹಾಗೆ. ಎರಡೂ ಸಮ ಇರಲಿ ಎಂದು ವೆಲ್ಡರ್ ಹಟ ಹಿಡಿದ. ಸಮ ಇದ್ದರೆ ಗೊಂಬೆ ಥರ ಕಾಣುತ್ತದೆ ಎಂದೆ. ಮೇಡಂ ಬಂದು ಬಹಳ ಹೊತ್ತು ನೋಡಿದರು. "ಇದು ಈಗ ಬೀಳ್ತಾ ಇದೆ, ಆದ್ರೆ ಬೀಳಲ್ಲ" ಎಂದರು. ಇಷ್ಟು ದಿನದಲ್ಲಿ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ಆ ಖುಷಿಯಲ್ಲಿ ಮನೆಗೆ ಬಂದು ಹದಿನಾರನೇ ತಾರೀಕಿನ ಸಮಾರಂಭದ ವಿಷಯ ಬಾಯಿಬಿಟ್ಟೆ. ಅದೇ ತಪ್ಪಾಯಿತು.

"ನಾನೂ ಬರ್ತೀನಿ" ಎಂದಳು.

"ಬಾ. ವೆಲ್ಡರ್‌ಗೆ ಹೇಳ್ತೀನಿ. ನಾವಿಬ್ಬರೂ ಕುರ್ಚಿ ಸಮೇತ ಎತ್ಕೊಂಡು ಇಳಿಸ್ತೀವಿ."

"ನಾನೇನು ಲಗೇಜಾ? ಮೆಟ್ಟಿಲು ನಾನೇ ಇಳಿದು ಬರ್ತೀನಿ. ಇಲ್ದಿದ್ರೆ ಬರೋದೇ ಇಲ್ಲ."

"ಸಾಧ್ಯವೇ ಇಲ್ಲ."

"ಯಾರಿಗೆ?"

ಆಮೇಲೆ ಇವಳೇ, ಬಹಳ ಮೆತ್ತಗೆ ಹೇಳಿದಳು: "ರೀ, ಈ ಮೆಟ್ಟಿಲು ಇಳಿಯೋಕೆ ಆಗಲ್ಲ ಅಂತಾದ್ರೆ ನನಗೆ ಈ ಮನೆಯೇ ಕೊನೆ. ಬಸ್ಸೂ ಇಲ್ಲ, ರೋಡೂ ಇಲ್ಲ. ಅದನ್ನ ನೀವು ಯೋಚನೆ ಮಾಡಿದ್ದೀರಾ?"

ಯೋಚನೆ ಮಾಡಿದ್ದೇನೆ. ಮೆಟ್ಟಿಲ ಬುಡದಲ್ಲಿ ಇವಳು ಬಿದ್ದಿರುವುದನ್ನು ದಿನಾ ಯೋಚನೆ ಮಾಡುತ್ತೇನೆ. ಇವಳಿಲ್ಲದೆ ನಾನು ಏನು ಮಾಡಲಿ?

ಜನವರಿ ೨೯, ಬುಧವಾರ

ಇವತ್ತು ಬೆಳಿಗ್ಗೆಯಿಂದಲೇ ಕಿರಿಕಿರಿ. ನಾನು ಹೊರಡುವ ಹೊತ್ತಿಗೇ ಫಿಸಿಯೋ ಹುಡುಗಿ ಬಂದಳು. ಮುಗಿಸಿ ಹೋಗುವಾಗ ಬೀಗ ಹಾಕಿ ಕೀಲಿ ಟೈಲರ್ ಹತ್ತಿರ ಕೊಡಮ್ಮ ಎಂದರೆ, "ಆ ಕೆಲಸ ನಾನು ಮಾಡಲ್ಲ ಸಾರ್, ಬೇಕಾದ್ರೆ ನಾಳೆಯಿಂದ ಬರಲ್ಲ" ಎಂದಳು. ಸಿಟ್ಟಿನಲ್ಲಿ ಬೀಗವನ್ನು ಜೇಬಿಗೆ ತುರುಕಿಕೊಂಡು ಹೊರಟೆ. ಮನೆ ಇಡೀ ದಿನ ತೆರೆದೇ ಇತ್ತು. ಟೈಲರ್‌ಗೆ ಫೋನ್ ಮಾಡಿ ಮಾಡಿ ಅವರಿಗೂ ಸಾಕಾಗಿ, "ನಿಮ್ಮ ಯಜಮಾನಿ ಕ್ಷೇಮ, ನನ್ನ ಹೊಲಿಗೆ ನಿಂತಿದೆ" ಎಂದರು.

ಇತ್ತ ದೊಡ್ಡಕೋಳಿಯನ್ನು ಬೇಟೆಯ ಬೆನ್ನ ಮೇಲೆ ಏರಿಸಿದೆವು. ಏರಿಸಿ ಕೈ ಬಿಟ್ಟ ಕೂಡಲೇ ಮುಗ್ಗರಿಸಿ ಮುಂದಕ್ಕೆ ಬಂತು, ವೆಲ್ಡರ್ ಎದೆ ಕೊಟ್ಟು ತಡೆದ. "ಗುರುಗಳೇ, ಕೋಳಿ ನನ್ನನ್ನೇ ಹಿಡೀತು!" ಎಂದು ಕೂಗಾಡಿದ. ಚಾವಣಿಯಿಂದ ಒಂದು ಕಬ್ಬಿಣದ ಸರಳು ಇಳಿಸಿ ಬೆನ್ನಿಗೆ ಬಿಗಿದುಬಿಡೋಣ ಎಂದೆ. ಮೇಡಂ ಸುತರಾಂ ಒಪ್ಪಲಿಲ್ಲ.

"ಅದಕ್ಕೇ ಅಂತ ಉದ್ದ ಬಾಲ ಇದೆಯಲ್ಲ. ಅದನ್ನೂ ನಂಬಿ ಸ್ವಲ್ಪ. ನೀವು ಎತ್ತಿ ಹಿಡಿದ್ರೆ ಜೀವ ಇರೋ ಹಾಗೆ ಕಾಣಲ್ಲ."

ಬಾಲದ ತುದಿ ಟೊಳ್ಳು, ಒಳಗೆ ಭಾರ ಬೇಕು. ಅಲ್ಲಿ ಇದ್ದಬದ್ದ ಬೋಲ್ಟು ನಟ್ಟು ಕಟ್ಟಿ ನೋಡಿದೆವು, ಸಾಲದು. ಜೇಬಿಗೆ ಕೈ ಹಾಕಿದರೆ ಬೀಗ. ಅದನ್ನೇ ತಂತಿಯಲ್ಲಿ ಬಾಲದೊಳಗೆ ಕಟ್ಟಿದೆ. ಕೈ ಬಿಟ್ಟೆವು. ಸ್ವಲ್ಪ ತೂಗಾಡಿ, ನಿಂತೇಬಿಟ್ಟಿತು! ನಾಳೆ ಸೀಸದ ತುಂಡು ಹಾಕಿ ಬೀಗ ಬಿಚ್ಚಿಕೊಳ್ಳಬೇಕು.

ಜನವರಿ ೩೦, ಗುರುವಾರ

ಸೀಸ ಸಿಗಲಿಲ್ಲ. ಬಾಗಿಲಿಗೆ ಇವತ್ತು ಬರೀ ಚಿಲಕ. ಅದೂ ಇವಳೇ ಒಳಗಿಂದ ಹಾಕಿಕೊಂಡದ್ದು. ಇಡೀ ದಿನ ತಳಮಳ.

ಫೆಬ್ರವರಿ ೩, ಸೋಮವಾರ

ವೆಲ್ಡರ್ ಎಂಬ ಪುಣ್ಯಾತ್ಮ ನಾನು ಬರುವಷ್ಟರಲ್ಲಿ ಬಾಲ ಮುಚ್ಚಿ, ಗಟ್ಟಿ ಅಂಟು ಬಳಿದು, ಗರಿ ಕೂಡ ಅಂಟಿಸಿ ಮುಗಿಸಿದ್ದಾನೆ. "ನಿಂತಿದೆಯಲ್ಲ ಗುರುಗಳೇ, ಮತ್ಯಾಕೆ ಕೆದಕೋದು?" ಅಂತೆ. ನನ್ನ ಮನೆ ಬೀಗ ಅದರೊಳಗಿದೆ ಮಾರಾಯ ಎಂದೆ. ಅವನು ನೆಲಕ್ಕೆ ಕೂತು ನಕ್ಕ. ಒಡೆಯದೆ ತೆಗೆಯುವ ಹಾಗಿಲ್ಲ, ಒಡೆದರೆ ಮತ್ತೆ ಒಂದು ವಾರ.

ಸಂಜೆ ಮನೆಗೆ ಬಂದರೆ ಬಾಗಿಲು ತೆರೆದಿದೆ, ಕುರ್ಚಿ ಖಾಲಿ. ಬಚ್ಚಲು ನೋಡಿದೆ, ಮಂಚದ ಆ ಕಡೆ ನೋಡಿದೆ. ಇಲ್ಲ! ಹೆಸರು ಹಿಡಿದು ಕೂಗುತ್ತಾ ಮೆಟ್ಟಿಲಿಳಿದೆ. ಮೊದಲ ಮಹಡಿಯಲ್ಲಿ ಟೈಲರ್ ಮನೆಯ ಬಾಗಿಲು ತೆರೆದಿತ್ತು. ಇವಳು ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತು, ಬಲಗೈಯಿಂದ ಗುಂಡಿ ಆರಿಸಿ ಡಬ್ಬಿಗೆ ಹಾಕುತ್ತಿದ್ದಳು.

"ಯಾರು ಹೇಳಿದ್ರು ನಿನಗೆ ಇಳಿಯೋಕೆ?" ಎಂದು ಕಿರುಚಿದೆ. ಟೈಲರ್ ಕತ್ತರಿ ಕೆಳಗಿಟ್ಟರು.

"ನಾನೇ ಹೇಳಿಕೊಂಡೆ" ಎಂದಳು.

ಇನ್ನೂ ಏನೇನೋ ಕೂಗಾಡಬೇಕೆಂದಿದ್ದೆ, ಆಗಲಿಲ್ಲ, ಅಳು ಬಂದುಬಿಟ್ಟಿತು. ಪಕ್ಕದಲ್ಲಿ ಜನ ಇದ್ದಾರೆ ಎನ್ನುವುದನ್ನೂ ನೋಡದೆ ಅತ್ತೆ. ಇವಳು ಬಲಗೈಯಿಂದ ನನ್ನ ತಲೆ ಸವರಿ, "ಬಿದ್ದಿಲ್ಲ ಕಣ್ರೀ. ನೋಡಿ, ಎಲ್ಲಾ ನೆಟ್ಟಗಿದೆ" ಎಂದಳು. ಹತ್ತುವಾಗ ಹಿಂದೆ ನಿಂತೆ. ಎರಡು ಸಲ ತೂರಾಡಿ, ತೋಳು ಬೀಸಿ ಬೀಸಿ ಸರಿಮಾಡಿಕೊಂಡಳು. ನನ್ನ ಕೈ ಅವಳ ಬೆನ್ನಿನ ಹತ್ತಿರವೇ ಇತ್ತು, ಮುಟ್ಟಿರಲಿಲ್ಲ.

ನಾಳೆ ಮೊದಲ ಕೆಲಸ, ಹೊಸ ಬೀಗ.

ಫೆಬ್ರವರಿ ೭, ಶುಕ್ರವಾರ

ಇವತ್ತು ಬಿಡುವಾಯಿತು, ಬೀಗದ ಅಂಗಡಿಗೆಂದೇ ಹೋದೆ. ಪಕ್ಕದ ಅಂಗಡಿಯಲ್ಲಿ ಹೆಂಗಸರ ಶೂ ತೂಗುಹಾಕಿದ್ದರು, ಅಡಿ ಒಳ್ಳೇ ಒರಟು, ಜಾರುವುದಿಲ್ಲ. ಎಡಗಾಲಿಗೆ ಒಂದೇ ಕೈಯಲ್ಲಿ ಹಾಕಿಕೊಳ್ಳುವಂಥದು ಬೇಕು ಎಂದು ಕೇಳಿ, ಪಟ್ಟಿ ಎಳೆದು ಅಂಟಿಸುವಂಥದ್ದು ಆರಿಸುವಷ್ಟರಲ್ಲಿ ಹೊತ್ತಾಯಿತು. ಬೀಗದ ಅಂಗಡಿ ಮುಚ್ಚಿತ್ತು.

ಹಾಗೇ ಮೆಟ್ಟಿಲ ಕಂಬಿಗೆ ವೆಲ್ಡರ್‌ನನ್ನು ಕರೆತಂದು ಬೆಸುಗೆ ಹಾಕಿಸಿದೆ. ಎಷ್ಟೋ ವರ್ಷದಿಂದ ಅಲ್ಲಾಡುತ್ತಿತ್ತು, ಯಾರಾದರೂ ಮಾಡಬೇಕಿತ್ತಲ್ಲ.

ಫೆಬ್ರವರಿ ೧೨, ಬುಧವಾರ

ಕೆಳಗಿನ ಪ್ರಾಣಿಯ ಕಣ್ಣು ಉಳಿದಿತ್ತು, ಇವತ್ತು ಮುಗಿಸಿದೆ. ಎತ್ತ ನೋಡಬೇಕು ಎಂದು ತಲೆ ಕೆಡಿಸಿಕೊಂಡಿದ್ದೆ. ಮೇಲೆ ಹತ್ತಿದವನ ಕಡೆಗಲ್ಲ, ಬಾಗಿಲ ಕಡೆಗೆ ನೋಡುವ ಹಾಗೆ ಕೂರಿಸಿದೆ. ಸರಿಹೊಂದಿತು. ಯಾಕೋ ಆ ಮುಖದ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಭಾನುವಾರದ ಯೋಚನೆ ಬಂದರೆ ಬೆವರು ಬರುತ್ತದೆ. ಅವತ್ತು ಇಳಿದದ್ದು ಒಂದು ಮಹಡಿ. ಇದು ಎರಡೂ ಮಹಡಿ, ಆಮೇಲೆ ರಸ್ತೆ, ಜನ. ಇವಳು ಬೇಡವೆಂದರೆ ಸಾಕಿತ್ತು. ಇವಳೋ ಹೊಸ ಶೂ ಹಾಕಿಕೊಂಡು ಮನೆಯೊಳಗೆ ಪರೇಡ್ ಮಾಡುತ್ತಿದ್ದಾಳೆ.

ಫೆಬ್ರವರಿ ೧೬, ಭಾನುವಾರ

ಬೆಳಿಗ್ಗೆಯಿಂದ ನನಗೆ ಒಂದು ತುತ್ತು ಇಳಿಯಲಿಲ್ಲ. ಇವಳು ಚೆನ್ನಾಗಿ ತಿಂದಳು.

ಮೆಟ್ಟಿಲ ತುದಿಯಲ್ಲಿ ನಿಂತು, "ನೀವು ಮುಂದೆ ಇಳೀರಿ. ಕೈ ಜೇಬಲ್ಲಿ" ಎಂದಳು.

"ಜೇಬಲ್ಲಿ ಯಾಕೆ?"

"ಹೊರಗಿದ್ರೆ ಸುಮ್ಮನಿರಲ್ಲ ಅವು. ನನಗೆ ಗೊತ್ತಿಲ್ವಾ?"

ಜೇಬಿಗೆ ಹಾಕಿದೆ. ಬಲಜೇಬಿನಲ್ಲಿ ಆ ಬೀಗದ ಕೀಲಿ ಇನ್ನೂ ಇತ್ತು. "ರೈಟ್, ರೈಟ್!" ಎಂದು ಇವಳು ತನಗೆ ತಾನೇ ಹೇಳಿಕೊಂಡು ಮೊದಲ ಹೆಜ್ಜೆ ಇಟ್ಟಳು. ನಾನು ಹಿಂದುಹಿಂದಾಗಿ, ಅವಳ ಮುಖ ನೋಡುತ್ತಾ ಇಳಿದೆ.

ಮೊದಲ ಮಹಡಿ ದಾಟಿತು. ಟೈಲರ್ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅದರ ಕೆಳಗಿನ ತಿರುವಿನಲ್ಲಿ ಎಡಗಾಲು ಮೆಟ್ಟಿಲಂಚಿಗೆ ತಾಗಿತು. ಮೈ ಇಡೀ ಹೊರಕ್ಕೆ ವಾಲಿತು. ಬಲಗೈ ಕಂಬಿ ಬಿಟ್ಟು ಮೇಲಕ್ಕೆ ಹೋಯಿತು. ನಾನು ಕೀಲಿಯನ್ನು ಎಷ್ಟು ಒತ್ತಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಹಲ್ಲು ಈಗಲೂ ಮೂಡಿದೆ. ಎಡಗೈ, ಆ ಹಾಳು ಎಡಗೈ, ಒಂದು ಗಳಿಗೆ ತಡವಾಗಿ ಎದ್ದಿತು. ಒಂದು ಸಲ ಬೀಸಿತು. ಇನ್ನೊಂದು ಸಲ. ಇವಳು ನಿಂತಳು.

"ಹೋಲ್ಡಾನ್" ಎಂದಳು ಏದುಸಿರು ಬಿಡುತ್ತಾ. ಸ್ವಲ್ಪ ಹೊತ್ತಾದ ಮೇಲೆ, "ರೈಟ್."

ಹಾಲ್‌ನಲ್ಲಿ ಭಾಷಣ, ಚಪ್ಪಾಳೆ, ಎಲ್ಲ ಆಯಿತು. ನನಗೆ ಒಂದೂ ಕೇಳಿಸಲಿಲ್ಲ. ಜನ ಚದುರಿದ ಮೇಲೆ ಇವಳು ದೊಡ್ಡಕೋಳಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಎಡರೆಕ್ಕೆಯ ಹತ್ತಿರ ನಿಂತು ತನ್ನ ಎಡಗೈ ನೋಡಿಕೊಂಡಳು.

"ಇದು ನನ್ನ ಕೈ ಅಲ್ವೇನ್ರೀ?"

"ಹೂಂ."

"ಕಳ್ಳ!" ಎಂದು ನಕ್ಕಳು. ಆಮೇಲೆ ಬಗ್ಗಿ, ಕೆಳಗೆ ಸಿಕ್ಕಿಬಿದ್ದ ಪ್ರಾಣಿಯ ಮುಖವನ್ನು ನೋಡಿದಳು. ಅದರ ಕಣ್ಣು ಹೋದ ದಿಕ್ಕಿಗೆ ತಿರುಗಿ ಬಾಗಿಲನ್ನು ನೋಡಿದಳು. ಆಗ ನಗಲಿಲ್ಲ. "ಇದೂ ನಾನೇ" ಎಂದಳು.

ಅಲ್ಲ, ಅದು ಪಾರಿವಾಳ ನೋಡಿ ಮಾಡಿದ್ದು ಎಂದು ಹೇಳಬಹುದಿತ್ತು. ಜೇಬಿನಿಂದ ಕೀಲಿ ತೆಗೆದು ಅವಳ ಕೈಗಿಟ್ಟೆ.

"ಬೀಗ ಎಲ್ಲಿ? ಎಷ್ಟು ದಿನದಿಂದ ಕಾಣ್ತಿಲ್ಲ."

"ಇದರ ಬಾಲದೊಳಗೆ."

ಇವಳು ಬಾಲ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಹಾಲ್‌ನಲ್ಲಿ ಉಳಿದವರೆಲ್ಲ ತಿರುಗಿ ನೋಡುವ ಹಾಗೆ. ನಗುತ್ತಾ ತೂರಾಡಿದಳು, ಎರಡೂ ಕೈ ಅಗಲಿಸಿ ನಿಂತುಕೊಂಡಳು. ನನಗೂ ನಗು ಬಂತು.

ನಾಳೆ ಬಸ್ ಡಿಪೋಗೆ ಹೋಗಿ ಹಳೇ ಜೊತೆಯವರನ್ನು ನೋಡಿ ಬರುತ್ತಾಳಂತೆ. ನಾನೂ ಬರಲಾ ಎಂದೆ. ಬೇಡ, ಕೆಲಸಕ್ಕೆ ಹೋಗಿ ಎಂದಳು. ಭಯವೇನೋ ಇದ್ದೇ ಇದೆ. ಬೆಳಿಗ್ಗೆ ನಾನು ಬೇಗ ಹೊರಡಬೇಕು, ಬಾಗಿಲು ಅವಳೇ ಒಳಗಿಂದ ಹಾಕಿಕೊಳ್ಳುತ್ತಾಳೆ.